ಊಸರವಳ್ಳಿಯ ಗೂಡು: ಮೊದಲು ಮನೆ, ಆಮೇಲೆ ಪ್ರಾಣಿ

"ಮನೆಗೆ ತಂದು ಹದಿನೈದು ದಿನ ಆಯ್ತು. ಹಗಲೆಲ್ಲ ಕಣ್ಣು ಮುಚ್ಚಿಕೊಂಡೇ ಇರುತ್ತೆ. ಏನ್ ಮಾಡ್ಲಿ?" ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಗೂಡಿನ ಫೋಟೋ ಕಳಿಸಿ ಅಂತೀನಿ. ಫೋಟೋ ನೋಡಿದರೆ ಉತ್ತರ ಅಲ್ಲೇ ಇರುತ್ತದೆ. ಹಳೆಯ ಮೀನಿನ ಗಾಜಿನ ತೊಟ್ಟಿ, ಒಂದು ಪ್ಲಾಸ್ಟಿಕ್ ಗಿಡ, ಒಂದು ಬಟ್ಟಲು ನೀರು, ಮೇಲೆ ಒಂದು ಸಾದಾ ಬಲ್ಬ್. ಪ್ರಾಣಿಯನ್ನು ಮೊದಲು ತಂದು, ಆಮೇಲೆ ಅದರ ಸುತ್ತ ಮನೆ ಕಟ್ಟಲು ಹೊರಟಿರುತ್ತಾರೆ.

ನಾನೂ ಹಾಗೇ ಶುರು ಮಾಡಿದ್ದೆ. ನನ್ನ ಮೊದಲ ಊಸರವಳ್ಳಿ ನಾಲ್ಕು ತಿಂಗಳೂ ಬದುಕಲಿಲ್ಲ. ಅದಕ್ಕೆ ಬೇಕಾದ ಸಾಮಾನೆಲ್ಲ ಕೊನೆಗೆ ನನ್ನ ಬಳಿ ಇತ್ತು, ಆದರೆ ಒಂದೊಂದಾಗಿ, ತಡವಾಗಿ ಬಂತು. ಅದಕ್ಕೇ ಇಲ್ಲಿ ಕ್ರಮಕ್ಕೆ ಜಾಸ್ತಿ ಒತ್ತು ಕೊಟ್ಟಿದ್ದೇನೆ. ದಯವಿಟ್ಟು ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

ಇಲ್ಲಿ ಕೊಟ್ಟಿರುವ ಅಳತೆಗಳೆಲ್ಲ ವೇಲ್ಡ್ ಕ್ಯಾಮೀಲಿಯನ್ ಎಂಬ ಜಾತಿಗೆ. ಯೆಮನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಭಾಗದ್ದು. ತಲೆಯ ಮೇಲೆ ಎತ್ತರದ ಕಿರೀಟ ಇರುತ್ತದೆ. ಸಾಕುವವರ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ.

## ಹಂತ 1: ಕಾನೂನಿನ ಕಾಗದ ನೋಡಿ

ನಮ್ಮೂರಿನ ಬೇಲಿಯಲ್ಲಿ, ಹುಣಸೆ ಮರದಲ್ಲಿ ಕಾಣುವ ಊಸರವಳ್ಳಿಯನ್ನು ಹಿಡಿದು ತರಬೇಡಿ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ. ಹಿಡಿಯುವುದು, ಮನೆಯಲ್ಲಿ ಇಟ್ಟುಕೊಳ್ಳುವುದು, ಮಾರುವುದು ಎಲ್ಲವೂ ಅಪರಾಧ. ಯಾರಾದರೂ "ಲೋಕಲ್ ಪೀಸ್, ಕಡಿಮೆ ರೇಟು" ಅಂದರೆ ಅಲ್ಲಿಂದ ಎದ್ದು ಬನ್ನಿ. ರಸ್ತೆ ದಾಟುವಾಗ ಕಂಡರೆ ಒಂದು ಕೋಲಿಗೆ ಹತ್ತಿಸಿ ಆಚೆ ಬದಿಯ ಗಿಡಕ್ಕೆ ಬಿಡಿ, ಅಷ್ಟೇ.

ಹೊರದೇಶದ ಊಸರವಳ್ಳಿಗಳೂ ಸೈಟಿಸ್ ಒಪ್ಪಂದದ (ಕಾಡು ಪ್ರಾಣಿ, ಗಿಡಗಳ ದೇಶ ದೇಶಗಳ ನಡುವಿನ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ) ಪಟ್ಟಿಯಲ್ಲಿವೆ. ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಭಾರತದಲ್ಲಿ ಇಂಥ ಪ್ರಾಣಿ ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಅದು ಮರಿ ಹಾಕಿದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಮಾರುವವರು ಕಾಗದ ತೋರಿಸದಿದ್ದರೆ ಕೊಳ್ಳಬೇಡಿ. ವಿದೇಶದಲ್ಲಿರುವವರು ತಮ್ಮ ಊರಿನ ನಿಯಮ ನೋಡಿಕೊಳ್ಳಿ.

ಇದೇ ಹಂತದಲ್ಲಿ ಇನ್ನೊಂದು ಕೆಲಸ ಇದೆ. ಸರೀಸೃಪ ನೋಡುವ ಪಶುವೈದ್ಯರು ನಿಮ್ಮ ಊರಿನಲ್ಲಿ ಇದ್ದಾರಾ ಅಂತ ಫೋನ್ ಮಾಡಿ ವಿಚಾರಿಸಿ. ನಾಯಿ, ಬೆಕ್ಕು ನೋಡುವವರೆಲ್ಲ ಇದನ್ನು ನೋಡುವುದಿಲ್ಲ. ಕಾಯಿಲೆ ಬಂದ ರಾತ್ರಿ ಹುಡುಕಲು ಹೊರಟರೆ ಆಗುವುದಿಲ್ಲ.

## ಹಂತ 2: ಗೂಡು ಇಡುವ ಜಾಗ

ಊಸರವಳ್ಳಿ ಮರದ ಪ್ರಾಣಿ. ತನಗಿಂತ ಎತ್ತರದಿಂದ ಬರುವುದೆಲ್ಲ ಅದಕ್ಕೆ ಹದ್ದಿನ ಹಾಗೆ. ಗೂಡನ್ನು ನೆಲದ ಮೇಲೆ ಇಟ್ಟರೆ ನಾವು ಪಕ್ಕದಲ್ಲಿ ನಡೆದಾಗಲೆಲ್ಲ ಹೆದರುತ್ತದೆ. ಗಟ್ಟಿಯಾದ ಮೇಜು ಅಥವಾ ಸ್ಟ್ಯಾಂಡಿನ ಮೇಲೆ ಇಡಿ. ಪ್ರಾಣಿ ಕೂರುವ ಮೇಲಿನ ಕೊಂಬೆ ನಿಮ್ಮ ಕಣ್ಣಿನ ಮಟ್ಟಕ್ಕಿಂತ ಕೊಂಚ ಮೇಲೆ ಇರಬೇಕು.

ಜಾಗ ಹುಡುಕುವಾಗ ಸೀಲಿಂಗ್ ಫ್ಯಾನಿನ ಕೆಳಗೆ ಬೇಡ. ಏಸಿ ಗಾಳಿ ನೇರವಾಗಿ ಬೀಳುವ ಕಡೆ ಬೇಡ. ಅಡುಗೆಮನೆಯ ಒಗ್ಗರಣೆ ಹೊಗೆ ಬರುವ ಕಡೆ ಬೇಡ. ದೇವರ ಕೋಣೆಯ ಊದುಬತ್ತಿ, ಧೂಪದ ಪಕ್ಕವೂ ಬೇಡ. ಇವುಗಳಿಗಿಂತ ಮುಖ್ಯವಾದದ್ದು ಸೊಳ್ಳೆ ಬತ್ತಿ ಮತ್ತು ಪ್ಲಗ್ಗಿಗೆ ಹಾಕುವ ಸೊಳ್ಳೆ ಲಿಕ್ವಿಡ್. ಅದು ಕೀಟನಾಶಕ. ನೀವು ತಿನ್ನಲು ಕೊಡುವ ಮಿಡತೆಗೂ ವಿಷ, ಅದನ್ನು ತಿನ್ನುವ ಪ್ರಾಣಿಗೂ ಕೆಟ್ಟದ್ದು. ಆ ಕೋಣೆಯಲ್ಲಿ ಸಂಜೆ ಕಿಟಕಿಗೆ ಸೊಳ್ಳೆ ಪರದೆ ಹಾಕಿ, ಬತ್ತಿ ಹಚ್ಚಬೇಡಿ. ಜಿರಳೆ ಸ್ಪ್ರೇ ಕೂಡ ಅಲ್ಲಿ ಬಳಸಬಾರದು.

ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ನೇರವಾಗಿ ಗೂಡಿನ ಮೇಲೆ ಬೀಳದಂತೆ ನೋಡಿ. ಎದುರುಗಡೆ ಕನ್ನಡಿ ಇರಬಾರದು. ತನ್ನದೇ ಬಿಂಬ ಕಂಡರೂ ಇನ್ನೊಂದು ಗಂಡು ಬಂದಿದೆ ಅಂದುಕೊಂಡು ದಿನವಿಡೀ ಮೈ ಉಬ್ಬಿಸಿಕೊಂಡೇ ಇರುತ್ತದೆ.

## ಹಂತ 3: ಗೂಡಿನ ಅಳತೆ ಮತ್ತು ಜಾಲರಿ

ಬೆಳೆದ ಗಂಡಿಗೆ 2 ಅಡಿ ಅಗಲ, 2 ಅಡಿ ಆಳ, 4 ಅಡಿ ಎತ್ತರ ಬೇಕು. ಹೆಣ್ಣು ಸ್ವಲ್ಪ ಚಿಕ್ಕದು, ಒಂದೂವರೆ ಅಡಿ ಅಗಲ, ಮೂರು ಅಡಿ ಎತ್ತರದಲ್ಲಿ ಹೊಂದಿಕೊಳ್ಳುತ್ತದೆ. ಆದರೂ ಜಾಗ ಇದ್ದರೆ ಅದಕ್ಕೂ ದೊಡ್ಡದನ್ನೇ ಮಾಡಿ. "ಮರಿ ತಾನೇ, ಈಗ ಚಿಕ್ಕದು ಸಾಕು" ಅಂತ ಎರಡು ಸಲ ದುಡ್ಡು ಹಾಕುವುದಕ್ಕಿಂತ ಒಂದೇ ಸಲ ದೊಡ್ಡದು ಮಾಡುವುದು ಒಳ್ಳೆಯದು.

ಒಂದು ಗೂಡಿಗೆ ಒಂದೇ ಪ್ರಾಣಿ. ಜೋಡಿ ಇರಲಿ, ಬೇಜಾರಾಗುತ್ತೆ ಅಂತ ಎರಡು ತರಬೇಡಿ. ಇವಕ್ಕೆ ಜೊತೆ ಬೇಡ. ಇನ್ನೊಂದು ಕಣ್ಣಿಗೆ ಬೀಳುತ್ತಿದ್ದರೆ ಸಾಕು, ದುರ್ಬಲವಾದದ್ದು ತಿನ್ನುವುದನ್ನು ನಿಲ್ಲಿಸುತ್ತದೆ.

ಮುಚ್ಚಿದ ಗಾಜಿನ ತೊಟ್ಟಿಯಲ್ಲಿ ಗಾಳಿ ಆಡುವುದಿಲ್ಲ. ಬಿಸಿ, ತೇವ ಎರಡೂ ಒಳಗೇ ನಿಲ್ಲುತ್ತವೆ, ಶ್ವಾಸಕೋಶದ ಸೋಂಕು ಶುರುವಾಗುವುದು ಅಲ್ಲಿಂದಲೇ. ಕರ್ನಾಟಕದ ಹವೆಗೆ ನಾಲ್ಕೂ ಕಡೆ ಜಾಲರಿ ಇರುವ ಗೂಡು ಚೆನ್ನಾಗಿ ಒಗ್ಗುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಗಾಳಿಯಲ್ಲೇ ತೇವ ಇರುವುದರಿಂದ ಜಾಲರಿ ಬಿಟ್ಟು ಬೇರೆ ಯೋಚನೆಯೇ ಬೇಡ. ಕಲಬುರಗಿ, ರಾಯಚೂರಿನಂಥ ಒಣ ಊರಿನಲ್ಲಿ, ಅಥವಾ ಚಳಿಗಾಲದಲ್ಲಿ ಹೀಟರ್ ಓಡುವ ಅಮೆರಿಕದ ಮನೆಯಲ್ಲಿ, ಹಿಂಬದಿ ಮತ್ತು ಎರಡು ಪಕ್ಕಕ್ಕೆ ಪ್ಲಾಸ್ಟಿಕ್ ಹಾಳೆ ಹಾಕಿ. ಮುಂದೆ ಮತ್ತು ಮೇಲೆ ಮಾತ್ರ ಜಾಲರಿ ಬಿಡಿ.

ಬಡಗಿ ಹತ್ತಿರ ಮಾಡಿಸುವವರು ಜಾಲರಿ ಆರಿಸುವಾಗ ಎಡವುತ್ತಾರೆ. ನೈಲಾನ್ ಸೊಳ್ಳೆ ಪರದೆಯನ್ನು ಮಿಡತೆ ಕಡಿದು ತೂತು ಮಾಡುತ್ತದೆ. ಸಣ್ಣ ಕಣ್ಣಿನ ಕಬ್ಬಿಣದ ಜಾಲರಿಯಲ್ಲಿ ಪ್ರಾಣಿಯ ಉಗುರು ಸಿಕ್ಕಿ ಕಿತ್ತು ಬರುತ್ತದೆ, ತುಕ್ಕೂ ಹಿಡಿಯುತ್ತದೆ. ಪ್ಲಾಸ್ಟಿಕ್ ಲೇಪನ ಇರುವ ಲೋಹದ ಜಾಲರಿ ತನ್ನಿ. ಕತ್ತರಿಸಿದ ತುದಿಗಳನ್ನೆಲ್ಲ ಚೌಕಟ್ಟಿನ ಒಳಗೆ ಮಡಚಿಸಿ. ಆಮೇಲೆ ಬರಿಗೈಯನ್ನು ಒಳಗೆಲ್ಲ ಸವರಿ ನೋಡಿ. ನಿಮ್ಮ ಕೈಗೆ ಚುಚ್ಚಿದ್ದು ಅದರ ಕಣ್ಣಿಗೂ ಚುಚ್ಚುತ್ತದೆ.

ಮರಕ್ಕೆ ಬಣ್ಣ ಅಥವಾ ವಾರ್ನಿಶ್ ಹೊಡೆಸಿದ್ದರೆ ವಾಸನೆ ಪೂರ್ತಿ ಹೋಗುವ ತನಕ ಬಿಸಿಲಿನಲ್ಲಿಡಿ. ಮೂಗು ಹತ್ತಿರ ತಂದಾಗ ಏನೂ ಬರಬಾರದು.

## ಹಂತ 4: ನೀರು ಹೋಗುವ ದಾರಿ

ದಿನಕ್ಕೆರಡು ಸಲ ಮಳೆ ಹನಿಸುವ ಪೆಟ್ಟಿಗೆ ಇದು. ನೀರು ಎಲ್ಲಿ ಹೋಗಬೇಕು ಅನ್ನುವುದನ್ನು ಗಿಡ ಇಡುವ ಮೊದಲೇ ತೀರ್ಮಾನಿಸಿ. ತಳದ ಪ್ಲಾಸ್ಟಿಕ್ ಹಾಳೆಗೆ ಸಣ್ಣ ತೂತುಗಳನ್ನು ಕೊರೆದು ಕೆಳಗೆ ಅಗಲವಾದ ಟ್ರೇ ಇಡಿ. ಗೂಡು ಟ್ರೇಯಿಂದ ಎರಡು ಇಂಚು ಎತ್ತರದಲ್ಲಿರಲಿ. ಟ್ರೇಯನ್ನು ದಿನಾ ಖಾಲಿ ಮಾಡಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ.

ತಳಕ್ಕೆ ತೆಂಗಿನ ನಾರಿನ ಪುಡಿ, ಮರದ ಹೊಟ್ಟು, ಕಲ್ಲಿನ ಚೂರು ಏನೂ ಹಾಕಬೇಡಿ. ಚಂದ ಕಾಣುತ್ತದೆ, ನಿಜ. ಆದರೆ ನಾಲಿಗೆ ಚಾಚಿ ಹುಳ ಹಿಡಿಯುವಾಗ ಅದೂ ಅಂಟಿಕೊಂಡು ಹೊಟ್ಟೆ ಸೇರುತ್ತದೆ, ಕರುಳು ಕಟ್ಟುತ್ತದೆ. ಬರಿ ತಳವನ್ನು ಒಂದು ನಿಮಿಷದಲ್ಲಿ ಒರೆಸಬಹುದು. ಹಿಕ್ಕೆಯ ಬಣ್ಣವೂ ಕಾಣುತ್ತದೆ. ಅದು ಏಕೆ ಮುಖ್ಯ ಅಂತ ಮುಂದೆ ಹೇಳುತ್ತೇನೆ.

## ಹಂತ 5: ಕೊಂಬೆ ಮತ್ತು ಗಿಡ

ಇದರ ಪಾದವನ್ನು ಒಮ್ಮೆ ಹತ್ತಿರದಿಂದ ನೋಡಿ. ಬೆರಳುಗಳು ಎರಡು ಗುಂಪಾಗಿ ಕೂಡಿಕೊಂಡು ಇಕ್ಕಳದ ಹಾಗೆ ಇರುತ್ತವೆ. ಮುಂಗಾಲಿನಲ್ಲಿ ಒಳಗೆ ಮೂರು, ಹೊರಗೆ ಎರಡು. ಹಿಂಗಾಲಿನಲ್ಲಿ ಅದರ ತಿರುವು. ಈ ಇಕ್ಕಳ ದುಂಡನೆಯ ಕೊಂಬೆಯನ್ನು ಹಿಡಿಯುವುದಕ್ಕೆ ಆಗಿದ್ದು. ಚಪ್ಪಟೆ ಹಲಗೆ ಮೇಲೆ ಅದಕ್ಕೆ ಹಿಡಿತವೇ ಸಿಗುವುದಿಲ್ಲ. ಮರಿಗೆ ಪೆನ್ಸಿಲ್ ದಪ್ಪ, ಬೆಳೆದದ್ದಕ್ಕೆ ನಿಮ್ಮ ಕಿರುಬೆರಳಿನಿಂದ ಹೆಬ್ಬೆರಳಿನ ದಪ್ಪದ ತನಕ ಬೇರೆ ಬೇರೆ ಅಳತೆಯ ಕೊಂಬೆ ಕಟ್ಟಿ.

ಸೀಬೆ, ದಾಸವಾಳ, ಹಿಪ್ಪುನೇರಳೆಯ ಕೊಂಬೆ ಒಳ್ಳೆಯದು. ಔಷಧಿ ಹೊಡೆಯದ ಮರದಿಂದ ತನ್ನಿ. ಬಿಸಿನೀರಿನಲ್ಲಿ ಬ್ರಷ್ ಹಾಕಿ ಉಜ್ಜಿ, ನಾಲ್ಕೈದು ದಿನ ಚೆನ್ನಾಗಿ ಒಣಗಿಸಿ. ನೀಲಗಿರಿ, ಹಿಪ್ಪುನೇರಳೆ ಬಿಟ್ಟು ಹಾಲು ಸುರಿಯುವ ಬೇರೆ ಮರ, ಮುಳ್ಳಿನ ಮರ ಬೇಡ.

ಕೊಂಬೆ ಕಟ್ಟುವಾಗ ಮೊದಲು ಅಡ್ಡಡ್ಡ, ಬೇರೆ ಬೇರೆ ಎತ್ತರಕ್ಕೆ ಕಟ್ಟಿ. ಆಮೇಲೆ ಅವುಗಳನ್ನು ಜೋಡಿಸುವ ಓರೆ ಕೊಂಬೆ. ಮೇಲಿನಿಂದ ತಳದವರೆಗೆ ಪ್ರಾಣಿ ಜಾಲರಿ ಮುಟ್ಟದೆ ಇಳಿದು ಹತ್ತುವ ದಾರಿ ಇರಬೇಕು. ಜಾಲರಿಯಲ್ಲೇ ತೂಗಾಡುತ್ತಿದ್ದರೆ ಕೊಂಬೆ ಸಾಲದು ಅಂತ ಅರ್ಥ. ಪ್ಲಾಸ್ಟಿಕ್ ಟೈ ಹಾಕಿ ಬಿಗಿದು, ಉಳಿದ ತುದಿಯನ್ನು ಒತ್ತಿ ಕತ್ತರಿಸಿ. ಕೈಯಲ್ಲಿ ಜೋರಾಗಿ ಅಲ್ಲಾಡಿಸಿ ನೋಡಿ, ಕದಲಬಾರದು. ಅಂಟು, ಫೆವಿಕಾಲ್, ನೂಲು ಬೇಡ.

ಈಗ ಗಿಡ. ವೇಲ್ಡ್ ಕ್ಯಾಮೀಲಿಯನ್ ಎಲೆ ತಿನ್ನುತ್ತದೆ. ಹಾಗಾಗಿ ಪ್ಲಾಸ್ಟಿಕ್ ಎಲೆಯನ್ನೂ ಕಚ್ಚಿ ನುಂಗುತ್ತದೆ. ನಿಜವಾದ ಗಿಡವನ್ನೇ ಇಡಿ. ದಾಸವಾಳ, ಮನಿ ಪ್ಲಾಂಟ್, ಸಣ್ಣ ಎಲೆಯ ಅಂಬ್ರೆಲಾ ಗಿಡ ಚೆನ್ನಾಗಿ ನಡೆಯುತ್ತವೆ. ಕಣಗಿಲೆ, ಹಳದಿ ಕಣಗಿಲೆ, ಎಕ್ಕ, ಕ್ರೋಟನ್, ಡಿಫನ್‌ಬೇಕಿಯಾ ಹತ್ತಿರಕ್ಕೂ ತರಬೇಡಿ.

ನರ್ಸರಿಯಿಂದ ತಂದ ಗಿಡದ ಮೇಲೆ ಔಷಧಿ ಇದ್ದೇ ಇರುತ್ತದೆ ಅಂತಲೇ ತಿಳಿಯಿರಿ. ಎಲೆಯ ಎರಡೂ ಕಡೆ ನೀರಿನಲ್ಲಿ ತೊಳೆದು, ಮಣ್ಣು ಬದಲಿಸಿ, ಎರಡು ಮೂರು ವಾರ ಹೊರಗಿಟ್ಟು ಆಮೇಲೆ ಒಳಗಿಡಿ. ಮಣ್ಣಿನಲ್ಲಿ ಬಿಳಿ ಗುಂಡುಗಳು ಇದ್ದರೆ ಅದನ್ನೂ ತಿನ್ನಲು ಹೋಗುತ್ತದೆ. ಕುಂಡದ ಮಣ್ಣಿನ ಮೇಲೆ ಪ್ರಾಣಿಯ ತಲೆಗಿಂತ ದೊಡ್ಡ ಕಲ್ಲುಗಳನ್ನು ಜೋಡಿಸಿ ಮುಚ್ಚಿ.

ಎಷ್ಟು ಗಿಡ ಬೇಕು? ಗೂಡಿನ ಮುಂದೆ ನಿಂತು ನೋಡಿ. ಪ್ರಾಣಿ ಬಚ್ಚಿಟ್ಟುಕೊಂಡರೆ ನಿಮಗೆ ಕಾಣಬಾರದು. ಅಷ್ಟು ಬೇಕು. ಕಾಣದಿದ್ದರೆ ಸಾಕಿ ಏನು ಪ್ರಯೋಜನ ಅಂತ ಕೆಲವರು ಕೇಳುತ್ತಾರೆ. ಅಡಗಲು ಜಾಗ ಇದ್ದರೆ ಮಾತ್ರ ಅದು ಧೈರ್ಯವಾಗಿ ಹೊರಗೆ ಬಂದು ಕೂರುವುದು.

## ಹಂತ 6: ಬೆಳಕು ಮತ್ತು ಬಿಸಿ

ಬೆಳಕಿಗೂ ಬಿಸಿಗೂ ಬೇರೆ ಬೇರೆ ದೀಪ ಬೇಕು. ಒಂದೇ ಬಲ್ಬಿನಲ್ಲಿ ಎರಡನ್ನೂ ಮುಗಿಸಲು ಹೋಗಬೇಡಿ.

ಯುವಿಬಿ ಟ್ಯೂಬ್. ಯುವಿಬಿ ಅಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ಅತಿನೇರಳೆ ಕಿರಣ. ಅದು ಬಿದ್ದರೆ ಮಾತ್ರ ಪ್ರಾಣಿಯ ಚರ್ಮದಲ್ಲಿ ವಿಟಮಿನ್ ಡಿ3 ತಯಾರಾಗುತ್ತದೆ. ಅದು ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಮೂಳೆ ಮೆತ್ತಗಾಗಿ ಕಾಲು ಬಿಲ್ಲಿನ ಹಾಗೆ ಬಾಗುತ್ತದೆ. ಒಮ್ಮೆ ಬಾಗಿದ ಮೂಳೆ ನೆಟ್ಟಗಾಗುವುದಿಲ್ಲ.

ಟಿ5 ಎಚ್‌ಒ ಮಾದರಿಯ (ತೆಳ್ಳಗಿದ್ದು ಹೆಚ್ಚು ಬೆಳಕು ಕೊಡುವ) ಉದ್ದ ಟ್ಯೂಬ್, 5.0 ಅಥವಾ 6 ಶೇಕಡಾ ಅಂತ ಬರೆದಿರುವುದನ್ನು ತನ್ನಿ. ಸುರುಳಿ ಆಕಾರದ ಸಣ್ಣ ಬಲ್ಬ್ ಬೇಡ, ಅದರ ಕಿರಣ ಸ್ವಲ್ಪ ಜಾಗಕ್ಕೆ ಮಾತ್ರ ಬೀಳುತ್ತದೆ. ಟ್ಯೂಬನ್ನು ಗೂಡಿನ ಮೇಲ್ಗಡೆ, ಜಾಲರಿಯ ಹೊರಗೆ ಇಡಿ. ಮಧ್ಯೆ ಗಾಜು ಅಥವಾ ಪ್ಲಾಸ್ಟಿಕ್ ಹಾಳೆ ಇದ್ದರೆ ಯುವಿಬಿ ಅಲ್ಲೇ ನಿಂತುಹೋಗುತ್ತದೆ. ಕಿಟಕಿಯ ಗಾಜಿನಿಂದ ಬರುವ ಬಿಸಿಲು ಕೂಡ ಅಷ್ಟೇ, ಬೆಳಕು ಬರುತ್ತದೆ, ಬೇಕಾದದ್ದು ಬರುವುದಿಲ್ಲ.

ಟ್ಯೂಬಿನಿಂದ ಪ್ರಾಣಿಯ ಬೆನ್ನಿಗೆ 8ರಿಂದ 9 ಇಂಚು ಇರಬೇಕು. ಕೊಂಬೆಗೆ ಅಲ್ಲ, ಬೆನ್ನಿಗೆ. ಈ ಒಂದು ತಪ್ಪನ್ನು ನಾನು ಎಷ್ಟೋ ಗೂಡುಗಳಲ್ಲಿ ಕಂಡಿದ್ದೇನೆ. ಬೆಳೆದ ಪ್ರಾಣಿಯ ಬೆನ್ನು ಕೊಂಬೆಯಿಂದ ಮೂರು ಇಂಚು ಮೇಲಿರುತ್ತದೆ. ಹಾಗಾಗಿ ಕೊಂಬೆಯನ್ನು ಟ್ಯೂಬಿನಿಂದ 11, 12 ಇಂಚು ಕೆಳಗೆ ಕಟ್ಟಿ.

ಟ್ಯೂಬ್ ಕಣ್ಣಿಗೆ ಉರಿಯುತ್ತಿರುವಂತೆ ಕಂಡರೂ ಅದರ ಯುವಿಬಿ ದಿನೇ ದಿನೇ ಕಡಿಮೆಯಾಗುತ್ತದೆ. 12 ತಿಂಗಳಿಗೊಮ್ಮೆ ಬದಲಿಸಿ. ಹಾಕಿದ ದಿನಾಂಕವನ್ನು ಮಾರ್ಕರ್‌ನಲ್ಲಿ ಟ್ಯೂಬಿನ ತುದಿಯ ಮೇಲೆ ಬರೆಯಿರಿ.

ಬಿಸಿ ಬಲ್ಬ್. ಸಾದಾ ಹ್ಯಾಲೊಜನ್ ಅಥವಾ ಹಳೆಯ ಕಾಲದ ತಂತಿ ಬಲ್ಬ್ ಸಾಕು. ಬೆಂಗಳೂರಿನ ಹವೆಗೆ 40 ವ್ಯಾಟ್‌ನಿಂದ ಶುರು ಮಾಡಿ ನೋಡಿ. ಎಲ್‌ಇಡಿ ಬಿಸಿ ಕೊಡುವುದಿಲ್ಲ. ಹೋಲ್ಡರ್ ಪಿಂಗಾಣಿಯದ್ದೇ ಇರಲಿ, ಪ್ಲಾಸ್ಟಿಕ್ ಕರಗುತ್ತದೆ. ಬಲ್ಬ್ ಗೂಡಿನ ಒಳಗೆ ಇರಲೇಬಾರದು. ಹೊರಗೂ ಜಾಲರಿಗೆ ತಾಗಿಸದೆ ಒಂದೆರಡು ಇಂಚು ಮೇಲೆ ತೂಗುಹಾಕಿ. ಇಲ್ಲದಿದ್ದರೆ ಜಾಲರಿಯೇ ಕಾದ ಹೆಂಚಿನ ಹಾಗಾಗುತ್ತದೆ, ಪ್ರಾಣಿ ತಲೆಕೆಳಗಾಗಿ ಹತ್ತಿದಾಗ ಪಾದ ಸುಡುತ್ತದೆ.

ಬಲ್ಬಿನ ಕೆಳಗಿನ ಕೊಂಬೆಯಲ್ಲಿ ಬೆಳೆದ ಗಂಡಿಗೆ 29ರಿಂದ 32 ಡಿಗ್ರಿ ಸೆಲ್ಸಿಯಸ್ ಸಿಗಬೇಕು. ಹೆಣ್ಣಿಗೂ ಮರಿಗೂ 27ರಿಂದ 29 ಸಾಕು. ಗೂಡಿನ ಕೆಳಭಾಗ 22ರಿಂದ 25ರ ಆಸುಪಾಸು ಇರಲಿ. ಬಿಸಿ ಸಾಕಾದಾಗ ಕೆಳಗಿಳಿದು ತಂಪಾಗಲು ಅದಕ್ಕೆ ಜಾಗ ಇರಬೇಕು. ಅಳೆಯುವುದಕ್ಕೆ ತಂತಿ ಇರುವ ಡಿಜಿಟಲ್ ಥರ್ಮಾಮೀಟರ್ ಬಳಸಿ. ದುಂಡನೆಯ ಮುಳ್ಳಿನ ಮೀಟರನ್ನೂ ಅಂಟಿಸುವ ಪಟ್ಟಿಯನ್ನೂ ನಂಬಬೇಡಿ.

ತಂತಿಯ ತುದಿಯನ್ನು ಎಲ್ಲಿಡಬೇಕು? ಪ್ರಾಣಿಯ ತಲೆ ಬರುವ ಎತ್ತರದಲ್ಲಿ. ಕಿರೀಟ ಮೈಯ ಎಲ್ಲಕ್ಕಿಂತ ಮೇಲಿನ ಭಾಗ, ಬಲ್ಬಿಗೆ ಹತ್ತಿರದ್ದೂ ಅದೇ, ಮೊದಲು ಸುಡುವುದೂ ಅದೇ. ಕೆಳಗೆ ಕೊಂಬೆಯ ಹತ್ತಿರ 30 ತೋರಿಸುತ್ತಿರುತ್ತದೆ, ಮೇಲೆ ಕಿರೀಟದ ಹತ್ತಿರ 38 ಆಗಿರುತ್ತದೆ. ಇನ್ನೊಂದು ಪರೀಕ್ಷೆ ಮಾಡಿ. ನಿಮ್ಮ ಅಂಗೈ ಹಿಂಬದಿಯನ್ನು ಆ ಎತ್ತರದಲ್ಲಿ ಐದು ನಿಮಿಷ ಹಿಡಿಯಿರಿ. ಕೈ ತೆಗೆಯೋಣ ಅನ್ನಿಸಿದರೆ ಬಲ್ಬನ್ನು ಮೇಲೆತ್ತಿ.

ದೀಪಗಳು ಹಗಲು 12 ಗಂಟೆ ಉರಿಯಲಿ, ರಾತ್ರಿ 12 ಗಂಟೆ ಪೂರ್ತಿ ಕತ್ತಲು. ಬಿಸಿ ಬಲ್ಬ್ ಮಾತ್ರ ಬೆಳಗ್ಗೆ ಕೆಲವು ಗಂಟೆ ಉರಿದರೂ ನಡೆಯುತ್ತದೆ. ರಾತ್ರಿಗೆ ಅಂತ ಮಾರುವ ಕೆಂಪು, ನೀಲಿ ಬಲ್ಬ್ ಬೇಡ, ಅದರ ನಿದ್ದೆ ಕೆಡುತ್ತದೆ. ರಾತ್ರಿ ತಂಪಾಗುವುದು ಇವಕ್ಕೆ ಬೇಕು. ಬೆಳೆದದ್ದು 16, 17 ಡಿಗ್ರಿಯನ್ನೂ ಆರಾಮವಾಗಿ ತಡೆಯುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಕೋಣೆಯೇ 33, 34 ಡಿಗ್ರಿ ಆದಾಗ ಬಿಸಿ ಬಲ್ಬನ್ನು ಆರಿಸಿಬಿಡಿ. ಯುವಿಬಿ ಮಾತ್ರ ಉರಿಯಲಿ. ತಂಪು ಮಾಡೋಣ ಅಂತ ಮಧ್ಯಾಹ್ನವೆಲ್ಲ ನೀರು ಚಿಮುಕಿಸಬೇಡಿ. ಬಿಸಿ, ತೇವ, ನಿಂತ ಗಾಳಿ ಮೂರೂ ಸೇರಿದರೆ ಶ್ವಾಸಕೋಶಕ್ಕೆ ಅದಕ್ಕಿಂತ ಕೆಟ್ಟದ್ದು ಇಲ್ಲ. ಕಿಟಕಿ ತೆಗೆದು ಗಾಳಿ ಆಡಲು ಬಿಡಿ. ಗೂಡಿನ ಹೊರಗೆ, ಮೇಲ್ಗಡೆ ಐಸ್ ಕಟ್ಟಿದ ನೀರಿನ ಬಾಟಲಿ ಇಡಿ.

## ಹಂತ 7: ನೀರು

ಬಟ್ಟಲಿನಲ್ಲಿ ನಿಂತ ನೀರು ಇವುಗಳ ಕಣ್ಣಿಗೆ ನೀರಾಗಿ ಕಾಣುವುದೇ ಅಪರೂಪ. ಎಲೆಯ ಮೇಲಿನ ಹನಿಯನ್ನು ಕುಡಿಯುವುದು ಅದರ ಅಭ್ಯಾಸ. ನನ್ನ ಈಗಿನ ಗಂಡು ನೀರು ಕುಡಿಯುವುದನ್ನು ದಿನಾ ನೋಡುತ್ತೇನೆ. ಹನಿ ಬಿದ್ದ ತಕ್ಷಣ ಕುಡಿಯುವುದಿಲ್ಲ. ಮೊದಲು ಕಲ್ಲಿನ ಹಾಗೆ ನಿಲ್ಲುತ್ತದೆ. ಒಂದು ಕಣ್ಣು ನನ್ನ ಕಡೆ, ಇನ್ನೊಂದು ಕಣ್ಣು ನಿಧಾನವಾಗಿ ತಿರುಗಿ ದಾಸವಾಳದ ಎಲೆಯ ತುದಿಗೆ. ಅಲ್ಲಿ ಹನಿ ತುಂಬಿ ತೂಗಬೇಕು. ಆಮೇಲೆ ಮೂತಿ ಚಾಚಿ ಎಲೆಗೆ ತಾಗಿಸಿ, ಬಾಯಿ ಒಂದಿಷ್ಟೇ ತೆರೆದು, ಗದ್ದ ಎತ್ತಿ ಎತ್ತಿ ನುಂಗುತ್ತದೆ. ಇಷ್ಟಕ್ಕೆ ಹತ್ತು ನಿಮಿಷವಾದರೂ ಬೇಕು. ಎರಡು ಸಲ ಸ್ಪ್ರೇ ಒತ್ತಿ ಹೋಗುವವರ ಮನೆಯಲ್ಲಿ ಅದು ಕುಡಿಯಲು ಶುರು ಮಾಡುವಷ್ಟರಲ್ಲಿ ಎಲೆ ಒಣಗಿರುತ್ತದೆ.

ಬೆಳಗ್ಗೆ ದೀಪ ಹತ್ತುವ ಮೊದಲು ಎರಡು ನಿಮಿಷ, ರಾತ್ರಿ ದೀಪ ಆರಿದ ಮೇಲೆ ಎರಡು ನಿಮಿಷ ಮಳೆ ಹನಿಸಿ. ಟೈಮರ್ ಇರುವ ಮಿಸ್ಟಿಂಗ್ ಪಂಪ್ (ಸಣ್ಣ ಹನಿ ಚಿಮ್ಮಿಸುವ ಪಂಪ್) ಇದ್ದರೆ ಸುಲಭ, ಇಲ್ಲದಿದ್ದರೆ ಗಿಡಕ್ಕೆ ಹೊಡೆಯುವ ಒತ್ತಡದ ಸ್ಪ್ರೇ ಸಾಕು. ಅದು ಹೊಸದಾಗಿರಲಿ, ಔಷಧಿ ಹೊಡೆದ ಸ್ಪ್ರೇ ಬೇಡ. ಮಧ್ಯಾಹ್ನ ಒಂದು ಡ್ರಿಪ್ಪರ್ ಇಡಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಹೊಸ ಡ್ರಿಪ್ ಸೆಟ್ಟನ್ನು ಒಂದು ನೀರಿನ ಬಾಟಲಿಗೆ ಜೋಡಿಸಿ, ಸೂಜಿ ತೆಗೆದು, ಚಕ್ರ ತಿರುಗಿಸಿ ಎರಡು ಸೆಕೆಂಡಿಗೊಂದು ಹನಿ ಎಲೆಯ ಮೇಲೆ ಬೀಳುವ ಹಾಗೆ ಮಾಡಿ. ದಿನಾ 20 ನಿಮಿಷ ಸಾಕು. ಇದಕ್ಕಿಂತ ಅಗ್ಗದ, ಕೈಕೊಡದ ಡ್ರಿಪ್ಪರ್ ನಾನು ಕಂಡಿಲ್ಲ.

ತೇವಾಂಶ ಹಗಲು 40, 50 ಶೇಕಡಾ ಇದ್ದರೆ ಸಾಕು, ರಾತ್ರಿ 80ಕ್ಕಿಂತ ಮೇಲೇರಲಿ. ಇಬ್ಬನಿ ಬೀಳುವ ರಾತ್ರಿ, ಒಣ ಹಗಲು. ಎಷ್ಟೋ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಹಗಲಿಡೀ ಒದ್ದೆ, ರಾತ್ರಿ ಒಣಗು. ಬೆಳಗಿನ ನೀರು ಹತ್ತು ಗಂಟೆಯ ಹೊತ್ತಿಗೆ ಎಲೆಗಳಿಂದ ಆರಿರಬೇಕು. ಸಂಜೆ ತನಕ ಜಾಲರಿ ಒದ್ದೆಯಾಗಿದ್ದರೆ ಗಾಳಿ ಸಾಲದು. ಫಾಗರ್ (ಮಂಜು ಬಿಡುವ ಯಂತ್ರ) ಇದ್ದವರು ಕೋಣೆ 20 ಡಿಗ್ರಿಗಿಂತ ಕೆಳಗೆ ಇಳಿದ ರಾತ್ರಿಗಳಲ್ಲಿ ಮಾತ್ರ ಬಳಸಿ.

ಬೋರ್‌ವೆಲ್ ನೀರು ಹಾಕಿದರೆ ಎಲೆ ಮೇಲೆ ಬಿಳಿ ಕಲೆ ಕಟ್ಟುತ್ತದೆ, ನಾಝಲ್ ಮುಚ್ಚುತ್ತದೆ. ಆರ್‌ಒ ನೀರು ಬಳಸಿ. ಮಿಸ್ಟಿಂಗ್ ಪಂಪಿನ ಡಬ್ಬಿಯನ್ನು ವಾರಕ್ಕೊಮ್ಮೆ ಉಜ್ಜಿ ತೊಳೆಯಿರಿ. ಒಳಗೆ ಬೆರಳಾಡಿಸಿದಾಗ ಲೋಳೆ ಸಿಕ್ಕಿದರೆ ಅದನ್ನೇ ಅದರ ಮೂಗಿಗೆ ಹೊಡೆಯುತ್ತಿದ್ದೀರಿ.

## ಹಂತ 8: ವೈರಿಂಗ್

ನೀರು ಮತ್ತು ಕರೆಂಟು ಒಂದೇ ಕಡೆ ಇರುವುದರಿಂದ ಇದರಲ್ಲಿ ಅಸಡ್ಡೆ ಬೇಡ. ಪ್ಲಗ್ ಬೋರ್ಡನ್ನು ನೆಲದಲ್ಲಿಡದೆ ಗೋಡೆಗೆ ಎತ್ತರದಲ್ಲಿ ಹಾಕಿಸಿ. ವೈರು ಪ್ಲಗ್ಗಿಗೆ ಹೋಗುವ ಮೊದಲು ಒಂದು ಕಡೆ ಕೆಳಗೆ ಜೋತುಬಿದ್ದು ಮೇಲೇರಲಿ, ನೀರು ಹರಿದು ಬಂದರೆ ಆ ತಗ್ಗಿನಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ. ಆ ಲೈನಿಗೆ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆರುವ ಸ್ವಿಚ್) ಇದೆಯಾ ಅಂತ ಎಲೆಕ್ಟ್ರಿಷಿಯನ್‌ಗೆ ಕೇಳಿ. ಅಮೆರಿಕದಿಂದ ತಂದ 110 ವೋಲ್ಟ್ ಫಿಟ್ಟಿಂಗನ್ನು ನಮ್ಮ 230 ವೋಲ್ಟಿಗೆ ಸಿಕ್ಕಿಸಬೇಡಿ.

## ಹಂತ 9: ಖಾಲಿ ಗೂಡನ್ನು ಒಂದು ವಾರ ಓಡಿಸಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ನನ್ನ ಮಾತು ಕೇಳುವುದಾದರೆ ಇದೊಂದನ್ನು ಬಿಡಬೇಡಿ. ದೀಪ, ಪಂಪ್, ಟೈಮರ್ ಎಲ್ಲ ಹಾಕಿ ಪ್ರಾಣಿ ಇಲ್ಲದೆ ಏಳು ದಿನ ಓಡಿಸಿ. ಬೆಳಗ್ಗೆ 8, ಮಧ್ಯಾಹ್ನ 2, ರಾತ್ರಿ 10ಕ್ಕೆ ಮೇಲಿನ ಕೊಂಬೆಯ ಬಿಸಿ, ಕೆಳಗಿನ ಬಿಸಿ, ತೇವಾಂಶ ಬರೆದಿಡಿ. ಮಧ್ಯಾಹ್ನ ಎರಡಕ್ಕೆ ಬಿಸಿ ಏರುವುದು, ಕರೆಂಟು ಹೋಗಿ ಬಂದಾಗ ಟೈಮರ್ ಹಿಂದೆ ಬೀಳುವುದು, ಟ್ರೇ ತುಂಬಿ ಹರಿಯುವುದು, ಎಲ್ಲ ಈ ವಾರದಲ್ಲೇ ಗೊತ್ತಾಗುತ್ತದೆ. ಮೂರು ದಿನ ಸತತವಾಗಿ ಅಂಕಿ ಸರಿ ಬಂದ ಮೇಲೆ ಪ್ರಾಣಿಯನ್ನು ತರಲು ಹೋಗಿ.

ಈ ವಾರದಲ್ಲೇ ಹುಳದ ವ್ಯವಸ್ಥೆಯನ್ನೂ ಮಾಡಿಕೊಳ್ಳಿ. ಮಿಡತೆಗೆ ಎರಡು ದಿನ ಸೊಪ್ಪು, ಕ್ಯಾರೆಟ್ ತಿನ್ನಿಸಿ ಆಮೇಲೆ ಕೊಡಬೇಕು. ನಮ್ಮ ರಾಮನಗರದ ಕಡೆಯ ರೇಷ್ಮೆ ಹುಳು ಇದಕ್ಕೆ ಬಹಳ ಒಳ್ಳೆಯ ಆಹಾರ, ಮೆತ್ತಗಿರುತ್ತದೆ, ನೀರಿನ ಅಂಶವೂ ಇರುತ್ತದೆ. ಆದರೆ ರೋಗ ಬಂದು ಪಕ್ಕಕ್ಕೆ ತೆಗೆದ ಹುಳು, ಸುಣ್ಣ ಅಥವಾ ಬ್ಲೀಚಿಂಗ್ ಪುಡಿ ಬಿದ್ದ ಹುಳು ಬೇಡ. ಸಾಕಣೆ ಮನೆಯವರನ್ನು ಕೇಳಿ ತನ್ನಿ. ಹುಳದ ಉದ್ದ ಪ್ರಾಣಿಯ ಎರಡು ಕಣ್ಣಿನ ನಡುವಿನ ಅಗಲಕ್ಕಿಂತ ಜಾಸ್ತಿ ಇರಬಾರದು. ಡಿ3 ಇಲ್ಲದ ಕ್ಯಾಲ್ಸಿಯಂ ಪುಡಿಯನ್ನು ಹಗುರವಾಗಿ ಸವರಿ ಕೊಡಿ. ಡಿ3 ಇರುವ ವಿಟಮಿನ್ ತಿಂಗಳಿಗೆ ಎರಡು ಸಲ ಸಾಕು.

## ಹಂತ 10: ಪ್ರಾಣಿ ಬರುವ ದಿನ

ಮೂರು ತಿಂಗಳು ತುಂಬದ ಮರಿ ತರಬೇಡಿ. ಹಿಂಗಾಲಿನ ಹಿಮ್ಮಡಿಯಲ್ಲಿ ಸಣ್ಣ ಗುಬುಟು ಇದ್ದರೆ ಗಂಡು, ಹುಟ್ಟಿದಾಗಿನಿಂದಲೇ ಇರುತ್ತದೆ. ಹೊಸಬರಿಗೆ ಗಂಡೇ ಸುಲಭ.

ಬೆಳಗ್ಗೆ ತನ್ನಿ, ಹಗಲಿನಲ್ಲಿ ಅದು ಜಾಗ ನೋಡಿಕೊಳ್ಳಲಿ. ಪೆಟ್ಟಿಗೆಯ ಬಾಯಿಯನ್ನು ಕೊಂಬೆಗೆ ತಾಗಿಸಿ ಹಿಡಿಯಿರಿ, ತಾನೇ ಹತ್ತುತ್ತದೆ. ಎಳೆಯಬೇಡಿ. ಎರಡು ವಾರ ಕೈಗೆತ್ತಿಕೊಳ್ಳಬೇಡಿ, ನೆಂಟರಿಗೆ ತೋರಿಸಬೇಡಿ. ಮಕ್ಕಳಿಗೆ ಇದು ಕಷ್ಟ ಅಂತ ಗೊತ್ತು, ಕ್ಯಾಲೆಂಡರ್‌ನಲ್ಲಿ ದಿನ ಗುರುತು ಹಾಕಿಕೊಡಿ. ಹುಳವನ್ನು ಗೂಡಿಗೆ ಕಟ್ಟಿದ ಒಂದು ನುಣುಪು ಲೋಟದಲ್ಲಿ ಹಾಕಿ. ತಿನ್ನದೆ ಉಳಿದ ಮಿಡತೆಯನ್ನು ರಾತ್ರಿ ಒಳಗೆ ಬಿಡಬೇಡಿ, ನಿದ್ದೆಯಲ್ಲಿರುವ ಪ್ರಾಣಿಯನ್ನು ಕಚ್ಚುತ್ತದೆ.

## ಹೆಣ್ಣಾದರೆ ಮಣ್ಣಿನ ಡಬ್ಬಿ ಬೇಕೇ ಬೇಕು

ಗಂಡನ್ನು ಕಂಡೇ ಇರದ ಹೆಣ್ಣು ಕೂಡ ಮೊಟ್ಟೆ ಇಡುತ್ತದೆ. ಇಡಲು ಜಾಗ ಸಿಗದಿದ್ದರೆ ಮೊಟ್ಟೆ ಹೊಟ್ಟೆಯಲ್ಲೇ ನಿಂತು ಹೆಣ್ಣು ಸಾಯುತ್ತದೆ. ಒಂದು ಅಡಿ ಅಗಲದ, ಒಂದು ಅಡಿ ಎತ್ತರದ ಡಬ್ಬಿಗೆ ತೊಳೆದ ಮರಳು ಮತ್ತು ಮಣ್ಣನ್ನು 8, 9 ಇಂಚು ತುಂಬಿ. ಬೆರಳಿನಿಂದ ತೋಡಿದ ಸುರಂಗ ಕುಸಿಯದಷ್ಟು ಒದ್ದೆ ಇರಬೇಕು, ಹಿಂಡಿದರೆ ನೀರು ಬರಬಾರದು. ಐದಾರು ತಿಂಗಳ ವಯಸ್ಸಿನಿಂದ ಇದು ಗೂಡಿನಲ್ಲೇ ಇರಲಿ. ಅದು ತೋಡಲು ಶುರು ಮಾಡಿದರೆ ಗೂಡಿಗೆ ಬಟ್ಟೆ ಮುಚ್ಚಿ, ಇಣುಕಬೇಡಿ. ನೋಡುತ್ತಿದ್ದೀರಿ ಅಂತ ಗೊತ್ತಾದರೆ ಅರ್ಧಕ್ಕೇ ನಿಲ್ಲಿಸುತ್ತದೆ.

## ಅಪಾಯದ ಗುರುತುಗಳು

ಹಗಲಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದರೆ ಅದು ನಿದ್ದೆ ಅಲ್ಲ. ಆರೋಗ್ಯವಾಗಿರುವ ಊಸರವಳ್ಳಿ ಹಗಲು ನಿದ್ದೆ ಮಾಡುವುದಿಲ್ಲ. ಒಂದು ದಿನ ಪೂರ್ತಿ ಹೀಗಿದ್ದರೆ ಡಾಕ್ಟರ ಹತ್ತಿರ ಹೋಗಿ. ನೀರು ಹನಿಸಿದಾಗ ಕಣ್ಣುಗುಡ್ಡೆ ಉಬ್ಬಿಸಿ ತಿರುಗಿಸುವುದು ಬೇರೆ, ಅದು ಕಣ್ಣು ತೊಳೆದುಕೊಳ್ಳುವುದು.

ಹಿಕ್ಕೆಯಲ್ಲಿ ಕಂದು ಭಾಗದ ಜೊತೆ ಒಂದು ಬಿಳಿ ಭಾಗ ಇರುತ್ತದೆ. ಅದು ಅದರ ಮೂತ್ರ. ಬಿಳಿಯಾಗಿದ್ದರೆ ನೀರು ಸಾಕಾಗಿದೆ. ತುದಿ ಸ್ವಲ್ಪ ಹಳದಿಯಾದರೂ ಚಿಂತೆ ಇಲ್ಲ. ಪೂರ್ತಿ ಕಿತ್ತಳೆ ಬಣ್ಣ ಬಂದರೆ, ಕಣ್ಣು ಗುಳಿ ಬಿದ್ದಿದ್ದರೆ, ಮೈಯಲ್ಲಿ ನೀರು ಇಲ್ಲ. ಡ್ರಿಪ್ಪರ್ ಸಮಯ ಹೆಚ್ಚಿಸಿ, ಎರಡು ದಿನದಲ್ಲಿ ಬದಲಾಗದಿದ್ದರೆ ತೋರಿಸಿ.

ಬಲ್ಬಿನ ಕೆಳಗೆ ಬಾಯಿ ತೆರೆದು ಕೂತಿದ್ದರೆ ಬಿಸಿ ಜಾಸ್ತಿಯಾಗಿದೆ, ಬಲ್ಬ್ ಮೇಲೆತ್ತಿ. ತಂಪಿನಲ್ಲೂ ಬಾಯಿ ತೆರೆದು, ಮೂತಿ ಮೇಲಕ್ಕೆತ್ತಿ ಉಸಿರಾಡುತ್ತಿದ್ದರೆ, ಟಿಕ್ ಟಿಕ್ ಸದ್ದು ಅಥವಾ ಲೋಳೆ ಬರುತ್ತಿದ್ದರೆ ಶ್ವಾಸಕೋಶದ ಸೋಂಕು. ಮನೆಮದ್ದು ಬೇಡ, ಅದೇ ದಿನ ಕರೆದುಕೊಂಡು ಹೋಗಿ.

ಬೆಳಗ್ಗೆ ಬಿಸಿ ಕಾಯಿಸಿಕೊಳ್ಳುವಾಗ ಮೈ ಕಪ್ಪಾಗುವುದು ಸಹಜ, ಕಪ್ಪು ಬಣ್ಣ ಬಿಸಿಯನ್ನು ಬೇಗ ಹೀರುತ್ತದೆ. ಮಧ್ಯಾಹ್ನವೂ ಕಪ್ಪಾಗಿಯೇ ಇದ್ದರೆ ಹೆದರಿದೆ ಅಥವಾ ಹುಷಾರಿಲ್ಲ. ನಡೆಯುವಾಗ ಕಾಲು ನಡುಗಿದರೆ, ಕೊಂಬೆಯ ಹಿಡಿತ ತಪ್ಪಿದರೆ, ನಾಲಿಗೆ ಅರ್ಧಕ್ಕೇ ನಿಂತರೆ ಮೂಳೆಯ ಕಾಯಿಲೆಯ ಅನುಮಾನ ಪಡಿ, ಟ್ಯೂಬಿನ ಮೇಲಿನ ದಿನಾಂಕ ನೋಡಿ. ಮರದ ಪ್ರಾಣಿ ಸುಮ್ನೆ ತಳದಲ್ಲಿ ಬಿದ್ದಿದ್ದರೆ, ಹೆಣ್ಣು ಮೊಟ್ಟೆಗಾಗಿ ಇಳಿದದ್ದನ್ನು ಬಿಟ್ಟರೆ, ಅದು ತೀರಾ ತಡವಾದ ಗುರುತು.

ಡಾಕ್ಟರ ಹತ್ತಿರ ಹೋಗುವಾಗ ಗಾಳಿ ತೂತು ಇರುವ ಪೆಟ್ಟಿಗೆಯಲ್ಲಿ ಒಂದು ಕೊಂಬೆ ಹಾಕಿ, ಕತ್ತಲೆ ಮಾಡಿ ಒಯ್ಯಿರಿ. ಜೊತೆಗೆ ಇಡೀ ಗೂಡಿನ ಫೋಟೋ, ಯುವಿಬಿ ಟ್ಯೂಬಿನ ಡಬ್ಬಿಯ ಫೋಟೋ, ಹೊಸ ಹಿಕ್ಕೆ ಒಂದು ಸಣ್ಣ ಡಬ್ಬಿಯಲ್ಲಿ, ನೀವು ಬರೆದಿಟ್ಟ ಬಿಸಿ ಮತ್ತು ತೇವಾಂಶದ ಪುಸ್ತಕ ತೆಗೆದುಕೊಂಡು ಹೋಗಿ. ಅವರು ಮೊದಲು ಕೇಳುವುದು ಇವನ್ನೇ.